ಮಕ್ಕಳ ಹಣ ನನ್ನ ಖಾತೆಗೆ, ತೆರಿಗೆ ಪತ್ರ ಯಜಮಾನರಿಗೆ: ಬ್ರಿಟನ್ನಿನಲ್ಲಿ ಚೈಲ್ಡ್ ಬೆನಿಫಿಟ್ ಚಾರ್ಜ್ ಬಂದರೆ ಏನು ಮಾಡಬೇಕು

ಆ ಕಂದು ಲಕೋಟೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ನಾನು ದೋಸೆ ಹುಯ್ಯುತ್ತಿದ್ದೆ. ಮಗಳು ಬಾಗಿಲ ಹತ್ತಿರದಿಂದ ಎತ್ತಿಕೊಂಡು ಬಂದಳು. ಪತ್ರ ತೆರಿಗೆ ಇಲಾಖೆಯದು, ನಮ್ಮ ಯಜಮಾನರ ಹೆಸರಿಗೆ. ನಿಮ್ಮ ಮನೆಗೆ ಚೈಲ್ಡ್ ಬೆನಿಫಿಟ್ (ಮಕ್ಕಳನ್ನು ಸಾಕಲು ಸರ್ಕಾರ ಕೊಡುವ ಹಣ) ಬರುತ್ತಿದೆ, ನಿಮ್ಮ ಆದಾಯ ಮಿತಿ ದಾಟಿರಬಹುದು, ನೀವು ತೆರಿಗೆ ಕಟ್ಟಬೇಕಾಗಬಹುದು ಅಂತ ಬರೆದಿತ್ತು. ಹಣ ಬರುತ್ತಿದ್ದದ್ದು ನನ್ನ ಖಾತೆಗೆ. ಅವರಿಗೆ ಅದು ಎಷ್ಟು ಬರುತ್ತದೆ ಅಂತಲೂ ಸರಿಯಾಗಿ ಗೊತ್ತಿರಲಿಲ್ಲ.

ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ಕಥೆ. ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲೋ ನೋಂದಣಿ ಕಚೇರಿಯಲ್ಲೋ ಯಾರೋ ಹೇಳುತ್ತಾರೆ, ತಾಯಿ ಅರ್ಜಿ ಹಾಕುತ್ತಾಳೆ. ಆಮೇಲೆ ಮರೆತೇ ಹೋಗುತ್ತದೆ. ಅಷ್ಟರಲ್ಲಿ ಗಂಡನ ಸಂಬಳ ಏರಿರುತ್ತದೆ, ಬೋನಸ್ ಬಂದಿರುತ್ತದೆ, ಊರಲ್ಲಿಟ್ಟ ಎಫ್‌ಡಿಗೆ ಬಡ್ಡಿ ಸೇರಿರುತ್ತದೆ. ಇದನ್ನೆಲ್ಲ ಯಾರೂ ಒಟ್ಟಿಗೆ ಕೂಡಿಸಿ ನೋಡಿರುವುದಿಲ್ಲ. ನಾವೂ ನೋಡಿರಲಿಲ್ಲ. ಆ ಪತ್ರದ ನಂತರ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಪತ್ರ ಬಂದಿದ್ದರೆ ಗಾಬರಿ ಬೇಡ. ಬಂದಿಲ್ಲದಿದ್ದರೂ ಒಮ್ಮೆ ಲೆಕ್ಕ ಹಾಕಿ ನೋಡಿ.

ಮೊದಲು ವೀಸಾ ನೋಡಿಕೊಳ್ಳಿ

ತೆರಿಗೆಗಿಂತ ಮುಂಚೆ ಈ ಮಾತು ಹೇಳಲೇಬೇಕು. ಚೈಲ್ಡ್ ಬೆನಿಫಿಟ್ ಅನ್ನೋದು ಸರ್ಕಾರಿ ನೆರವಿನ ಪಟ್ಟಿಯಲ್ಲಿದೆ. ನಿಮ್ಮ ವೀಸಾದಲ್ಲಿ 'ನೋ ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತ ಇದ್ದರೆ, ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಸಾಮಾನ್ಯವಾಗಿ ಇರುತ್ತದೆ, ನೀವು ಅರ್ಜಿ ಹಾಕುವ ಹಾಗಿಲ್ಲ. ಮಗು ಇಲ್ಲೇ ಹುಟ್ಟಿದೆ ಅನ್ನುವುದು ಸಾಕಾಗುವುದಿಲ್ಲ. ಅರ್ಜಿ ಹಾಕುವವರ ವೀಸಾ ಏನು ಅನ್ನೋದು ಮುಖ್ಯ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಅಥವಾ ಬ್ರಿಟಿಷ್ ಪೌರತ್ವ ಇದ್ದು ಇನ್ನೊಬ್ಬರು ಇನ್ನೂ ವೀಸಾದಲ್ಲಿದ್ದರೆ, ಐಎಲ್‌ಆರ್ ಇದ್ದವರೇ ಅರ್ಜಿ ಹಾಕಬೇಕು. ಗೊತ್ತಿಲ್ಲದೆ ವೀಸಾದಲ್ಲಿದ್ದಾಗಲೇ ಹಣ ಪಡೆದಿದ್ದರೆ ತೆರಿಗೆ ಲೆಕ್ಕಕ್ಕೆ ಕೈ ಹಾಕುವ ಮೊದಲು ವಲಸೆ ವಕೀಲರ ಹತ್ತಿರ ಮಾತಾಡಿ. ಅದು ಬೇರೆಯದೇ ವಿಷಯ, ತೆರಿಗೆಗಿಂತ ದೊಡ್ಡದು.

ಪತ್ರ ನಿಜವಾದದ್ದೇ ಅಂತ ಖಚಿತಪಡಿಸಿಕೊಳ್ಳಿ

ಎಚ್‌ಎಂಆರ್‌ಸಿ, ಅಂದರೆ ಇಲ್ಲಿನ ತೆರಿಗೆ ಇಲಾಖೆ, ಹೆಸರಿನಲ್ಲಿ ಮೋಸದ ಮೆಸೇಜ್‌ಗಳು ಬಹಳ ಬರುತ್ತವೆ. ಮೆಸೇಜ್‌ನಲ್ಲಿರುವ ಲಿಂಕ್ ಒತ್ತಬೇಡಿ. ನೀವೇ ಸರ್ಕಾರದ ವೆಬ್‌ಸೈಟಿಗೆ ಹೋಗಿ ನಿಮ್ಮ ತೆರಿಗೆ ಖಾತೆಗೆ ಲಾಗಿನ್ ಆಗಿ, ಇಲ್ಲವೇ ಎಚ್‌ಎಂಆರ್‌ಸಿ ಆ್ಯಪ್ ತೆರೆದು ನೋಡಿ. ಪತ್ರ ಯಾವ ತೆರಿಗೆ ವರ್ಷದ್ದು ಅಂತ ಬರೆದಿಟ್ಟುಕೊಳ್ಳಿ. ಇಲ್ಲಿನ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ವರ್ಷ ತಪ್ಪಾದರೆ ಲೆಕ್ಕವೆಲ್ಲ ತಪ್ಪುತ್ತದೆ, ಯಾಕೆಂದರೆ ನಡುವೆ ನಿಯಮ ಬದಲಾಗಿದೆ.

ಯಾರು ಕಟ್ಟಬೇಕು?

ಆದಾಯ ಜಾಸ್ತಿಯಿದ್ದವರಿಂದ ಚೈಲ್ಡ್ ಬೆನಿಫಿಟ್ ಹಣವನ್ನು ವಾಪಸ್ ಪಡೆಯುವ ಈ ತೆರಿಗೆಗೇ ಚಾರ್ಜ್ ಅನ್ನುವುದು. ಅದು ಶುರುವಾದದ್ದು 2013ರ ಜನವರಿ 7ರಿಂದ. ಆಗ ಮಿತಿ 50,000 ಪೌಂಡ್. ಹನ್ನೊಂದು ವರ್ಷ ಅದನ್ನು ಏರಿಸಲೇ ಇಲ್ಲ. ಬೆಲೆ ಏರಿತು, ಸಂಬಳ ಏರಿತು, ಮಿತಿ ಮಾತ್ರ ಅಲ್ಲೇ ಇತ್ತು. ಹೀಗಾಗಿ ದೊಡ್ಡ ಸಂಬಳದವರಿಗೆ ಅಂತ ತಂದ ತೆರಿಗೆ ಸಾಧಾರಣ ಮನೆಗಳಿಗೂ ಬಂದು ತಾಕಿತು. 2024ರ ಏಪ್ರಿಲ್ 6ರಿಂದ ಮಿತಿ 60,000 ಪೌಂಡ್ ಆಯಿತು. 80,000 ಮುಟ್ಟಿದರೆ ಪಡೆದ ಹಣವಷ್ಟೂ ತೆರಿಗೆಯಾಗಿ ವಾಪಸ್ ಹೋಗುತ್ತದೆ.

ಇಲ್ಲಿ ನೋಡುವುದು ಮನೆಯ ಒಟ್ಟು ಆದಾಯವನ್ನಲ್ಲ. ಇಬ್ಬರಲ್ಲಿ ಯಾರ ಆದಾಯ ಜಾಸ್ತಿಯೋ ಅವರೊಬ್ಬರದನ್ನು. ಗಂಡ 59,000, ಹೆಂಡತಿ 59,000 ದುಡಿದರೆ ಒಂದು ಪೌಂಡೂ ಕಟ್ಟಬೇಕಿಲ್ಲ. ಒಬ್ಬರೇ 80,000 ದುಡಿದು ಇನ್ನೊಬ್ಬರು ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡರೆ ಪೂರ್ತಿ ವಾಪಸ್. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಇಡೀ ಮನೆಯ ಆದಾಯ ನೋಡುವ ಪದ್ಧತಿ ತರುತ್ತೇವೆ ಅಂತ 2024ರ ಮಾರ್ಚ್ ಬಜೆಟ್‌ನಲ್ಲಿ ಹೇಳಿದ್ದರು. ಹೊಸ ಸರ್ಕಾರ ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಹಾಗಾಗಿ ಇರುವ ನಿಯಮದಲ್ಲೇ ದಾರಿ ಹುಡುಕಬೇಕು.

ಮದುವೆಯಾಗದೆ ಒಟ್ಟಿಗೆ ಬದುಕುತ್ತಿದ್ದರೂ ಇದೇ ನಿಯಮ. ಮಗು ನಿಮ್ಮದಲ್ಲ, ಸಂಗಾತಿಯ ಮೊದಲ ಮದುವೆಯದು ಅಂದರೂ ನಿಮ್ಮ ಆದಾಯ ಜಾಸ್ತಿಯಿದ್ದರೆ ತೆರಿಗೆ ನಿಮ್ಮದೇ. ವರ್ಷದ ನಡುವೆ ಒಂದಾದರೆ ಅಥವಾ ಬೇರೆಯಾದರೆ ಒಟ್ಟಿಗಿದ್ದ ವಾರಗಳಿಗೆ ಮಾತ್ರ ಲೆಕ್ಕ.

ಆದಾಯ ಎಷ್ಟು ಅಂತ ಕೂಡಿಸಿ. ಎಲ್ಲರೂ ಎಡವುವುದು ಇಲ್ಲೇ

ಇಲಾಖೆ ನೋಡುವುದು 'ಆಡ್ಜಸ್ಟೆಡ್ ನೆಟ್ ಇನ್‌ಕಮ್' ಅನ್ನೋ ಮೊತ್ತವನ್ನು. ಸುಮ್ನೆ ಸಂಬಳ ನೋಡಿ 'ನಮಗೆ ಇದು ಬರಲ್ಲ' ಅಂದುಕೊಂಡವರೇ ಜಾಸ್ತಿ. ಒಂದು ಹಾಳೆ ತಗೊಳ್ಳಿ, ಒಂದೊಂದಾಗಿ ಬರೆಯಿರಿ.

ಮೊದಲು ಪಿ60. ವರ್ಷ ಮುಗಿದ ಮೇಲೆ ಕಂಪನಿ ಕೊಡುವ ಕಾಗದ. ಅದರಲ್ಲಿರುವ ತೆರಿಗೆಗೆ ಒಳಪಟ್ಟ ಸಂಬಳದಲ್ಲಿ ಬೋನಸ್ಸೂ ಸೇರಿರುತ್ತದೆ. ಐಟಿಯಲ್ಲಿರುವವರಿಗೆ ಕಂಪನಿ ಷೇರು ಕೈಸೇರಿದ್ದರೆ ಅದೂ ಸಂಬಳವೇ. ಆಸ್ಪತ್ರೆಯಲ್ಲಿರುವ ಡಾಕ್ಟರ್, ನರ್ಸ್‌ಗಳಿಗೆ ಹೆಚ್ಚುವರಿ ಶಿಫ್ಟ್, ಲೋಕಮ್ (ಬೇರೆಯವರ ಬದಲಿಗೆ ಮಾಡುವ ತಾತ್ಕಾಲಿಕ ಕೆಲಸ) ಹಣ. ವರ್ಷದಲ್ಲಿ ಕೆಲಸ ಬದಲಿಸಿದ್ದರೆ ಹಳೆಯ ಕಂಪನಿ ಬಿಡುವಾಗ ಕೊಟ್ಟ ಪಿ45 ಕಾಗದ ಕೂಡ ಹುಡುಕಿಡಿ.

ಆಮೇಲೆ ಪಿ11ಡಿ. ಕಂಪನಿ ಕಾರು, ಖಾಸಗಿ ಆರೋಗ್ಯ ವಿಮೆ ಇಂಥದ್ದರ ಬೆಲೆ ಇದರಲ್ಲಿರುತ್ತದೆ. ಕೆಲವು ಕಂಪನಿಗಳು ಇದನ್ನು ಸಂಬಳದ ಜೊತೆಗೇ ಲೆಕ್ಕ ಹಾಕುತ್ತವೆ, ಆಗ ಬೇರೆ ಕಾಗದ ಬರುವುದಿಲ್ಲ. ಪೇಸ್ಲಿಪ್ ನೋಡಿ.

ಇಲ್ಲಿನ ಬ್ಯಾಂಕ್ ಬಡ್ಡಿ, ಡಿವಿಡೆಂಡ್. 'ಬಡ್ಡಿಗೆ ಒಂದಿಷ್ಟು ವಿನಾಯಿತಿ ಇದೆಯಲ್ವಾ?' ಅಂತ ಕೇಳುತ್ತಾರೆ. ಇದೆ, ಆದರೆ ಅದು ತೆರಿಗೆ ದರ ಸೊನ್ನೆ ಅಂತ ಅಷ್ಟೇ. ಆದಾಯದ ಲೆಕ್ಕದಲ್ಲಿ ಆ ಬಡ್ಡಿಯೂ ಸೇರುತ್ತದೆ. ಐಸಾ ಖಾತೆಯ (ತೆರಿಗೆ ಇಲ್ಲದ ಉಳಿತಾಯ ಖಾತೆ) ಬಡ್ಡಿ ಮಾತ್ರ ಸೇರುವುದಿಲ್ಲ.

ಇನ್ನು ಊರಿನ ಆದಾಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬ್ರಿಟನ್ನಿನ ತೆರಿಗೆ ನಿವಾಸಿಗಳು ಪ್ರಪಂಚದ ಎಲ್ಲ ಕಡೆಯ ಆದಾಯವನ್ನೂ ಇಲ್ಲಿ ತೋರಿಸಬೇಕು. ಎನ್‌ಆರ್‌ಇ (ಹೊರಗಿನ ದುಡಿಮೆ ಇಡುವ ಅನಿವಾಸಿ ಖಾತೆ) ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅನ್ನುವುದು ನಿಜ. ಆದರೆ ಇಲ್ಲಿ ಅದು ತೆರಿಗೆಗೆ ಒಳಪಟ್ಟ ಆದಾಯ. ಎನ್‌ಆರ್‌ಒ (ಊರಿನ ಆದಾಯ ಇಡುವ ಅನಿವಾಸಿ ಖಾತೆ) ಬಡ್ಡಿಗೆ ಅಲ್ಲಿ ಟಿಡಿಎಸ್ ಹಿಡಿದಿದ್ದರೆ ಇಲ್ಲಿನ ತೆರಿಗೆಯಲ್ಲಿ ಅದಕ್ಕೆ ಒಂದು ಮಟ್ಟದವರೆಗೆ ವಜಾ ಸಿಗಬಹುದು, ಆದರೆ ಬಡ್ಡಿಯ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಯೂ ಹಾಗೆಯೇ, ಖರ್ಚು ಕಳೆದು ಉಳಿದದ್ದು ಸೇರುತ್ತದೆ. ಹತ್ತು ವರ್ಷ ಹೊರಗಿದ್ದು ಹೊಸದಾಗಿ ಇಲ್ಲಿಗೆ ಬಂದವರಿಗೆ ಮೊದಲ ನಾಲ್ಕು ವರ್ಷ ವಿದೇಶಿ ಆದಾಯಕ್ಕೆ ವಿಶೇಷ ನಿಯಮ 2025ರ ಏಪ್ರಿಲ್‌ನಿಂದ ಇದೆ. ಆದರೆ ಚೈಲ್ಡ್ ಬೆನಿಫಿಟ್ ಪಡೆಯುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಆ ನಾಲ್ಕು ವರ್ಷ ದಾಟಿರುತ್ತಾರೆ.

ಭಾರತದ ಬ್ಯಾಂಕುಗಳು ಮಾರ್ಚ್ 31ರ ಲೆಕ್ಕ ಕೊಡುತ್ತವೆ. ಇಲ್ಲಿಗೆ ಬೇಕಾದದ್ದು ಏಪ್ರಿಲ್ 5ರವರೆಗಿನದು. ಹಾಗಾಗಿ ಬಡ್ಡಿ ಸರ್ಟಿಫಿಕೇಟ್ ಜೊತೆಗೆ ಖಾತೆಯ ಸ್ಟೇಟ್‌ಮೆಂಟ್ ಕೂಡ ಇಳಿಸಿಕೊಳ್ಳಿ. 'ಊರಿನ ಹಣ ಇವರಿಗೆ ಹೇಗೆ ಗೊತ್ತಾಗುತ್ತೆ' ಅನ್ನುವವರಿಗೆ ಒಂದು ಮಾತು. ಎರಡೂ ದೇಶಗಳು 2017ರಿಂದ ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತಿವೆ. ಗೊತ್ತಾಗುತ್ತದೆ.

ಈಗ ಕಳೆಯುವುದು. ನೀವು ಸ್ವಂತವಾಗಿ ಕಟ್ಟಿದ ಪೆನ್ಷನ್, ಗಿಫ್ಟ್ ಏಡ್ ಮೂಲಕ ಚಾರಿಟಿಗೆ ಕೊಟ್ಟ ದಾನ (ಇದರಲ್ಲಿ ಸರ್ಕಾರವೂ ತೆರಿಗೆಯ ಪಾಲು ಸೇರಿಸುತ್ತದೆ). ಎರಡನ್ನೂ ಸರ್ಕಾರ ಸೇರಿಸುವ ಪಾಲನ್ನು (ಒಟ್ಟು ಮೊತ್ತದ 20%) ಕೂಡಿಸಿ ಕಳೆಯಬೇಕು. ನೀವು 80 ಪೌಂಡ್ ಕಟ್ಟಿದ್ದರೆ 100 ಕಳೆಯಿರಿ. ಆಫೀಸಿನ ಪೆನ್ಷನ್ ವಿಷಯದಲ್ಲಿ ಎಚ್ಚರ ಬೇಕು. ಸ್ಯಾಲರಿ ಸ್ಯಾಕ್ರಿಫೈಸ್ (ಸಂಬಳದ ಒಂದು ಭಾಗ ಬಿಟ್ಟುಕೊಟ್ಟು ಅದನ್ನು ಕಂಪನಿಯೇ ಪೆನ್ಷನ್‌ಗೆ ಹಾಕುವುದು) ಇದ್ದರೆ, ಅಥವಾ ತೆರಿಗೆ ಹಿಡಿಯುವ ಮುಂಚೆಯೇ ಪೆನ್ಷನ್ ಕಡಿತವಾಗುತ್ತಿದ್ದರೆ, ಪಿ60ರಲ್ಲಿ ಅದು ಆಗಲೇ ಕಳೆದುಹೋಗಿರುತ್ತದೆ. ಎರಡನೇ ಸಲ ಕಳೆಯಬೇಡಿ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಪೆನ್ಷನ್ ಕೂಡ ಹೀಗೆ ಮೊದಲೇ ಕಳೆದಿರುತ್ತದೆ. ಯಾವ ಬಗೆ ಅಂತ ಗೊತ್ತಿಲ್ಲದಿದ್ದರೆ ಪೇರೋಲ್‌ನವರಿಗೆ ಒಂದು ಮೇಲ್ ಹಾಕಿ ಕೇಳಿ.

ಲೆಕ್ಕ ಹಾಕೋಣ

ಒಂದು ಉದಾಹರಣೆ ನೋಡಿ. ಸಂಬಳ 58,000 ಪೌಂಡ್. ಬೋನಸ್ 4,000. ಆರೋಗ್ಯ ವಿಮೆ 900. ಇಲ್ಲಿನ ಬಡ್ಡಿ 400. ಊರಿನ ಎನ್‌ಆರ್‌ಇ ಬಡ್ಡಿ 1,500. ಒಟ್ಟು 64,800. ಸಂಬಳ ಮಾತ್ರ ನೋಡಿದ್ದರೆ ಮಿತಿಯ ಒಳಗೆ, ಎಲ್ಲ ಕೂಡಿಸಿದರೆ 4,800 ಹೊರಗೆ.

ಈಗಿನ ನಿಯಮದಲ್ಲಿ 60,000ದ ಮೇಲಿನ ಪ್ರತಿ 200 ಪೌಂಡಿಗೆ 1%. ಇಲ್ಲಿ 24% ಆಯಿತು. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಉಳಿದ ಪ್ರತಿ ಮಗುವಿಗೆ 17.25. ಇಬ್ಬರು ಮಕ್ಕಳಿದ್ದರೆ 52 ವಾರಕ್ಕೆ 2,251.60 ಪೌಂಡ್. ಅದರ 24% ಅಂದರೆ 540 ಪೌಂಡ್, ಚಿಲ್ಲರೆ ಬಿಟ್ಟು. ಅಂದರೆ 1,700ಕ್ಕೂ ಹೆಚ್ಚು ನಿಮ್ಮ ಹತ್ತಿರವೇ ಉಳಿಯಿತು. ಹೆದರಿ ಬೆನಿಫಿಟ್ಟನ್ನೇ ನಿಲ್ಲಿಸುವವರು ಈ ಅಂಕಿ ನೋಡಬೇಕು.

2023-24 ಮತ್ತು ಅದಕ್ಕೂ ಹಿಂದಿನ ವರ್ಷಗಳಿಗೆ ಹಳೆಯ ನಿಯಮ. 50,000ದ ಮೇಲಿನ ಪ್ರತಿ 100 ಪೌಂಡಿಗೆ 1%, 60,000 ಮುಟ್ಟಿದರೆ ಎಲ್ಲವೂ. ಮೇಲಿನ ಉದಾಹರಣೆಯವರು 2023-24ರಲ್ಲಿ ಪೂರ್ತಿ 2,074.80 ಪೌಂಡ್ ವಾಪಸ್ ಕೊಡಬೇಕಿತ್ತು.

ಕಟ್ಟುವ ದಾರಿ

ಎರಡು ದಾರಿಗಳಿವೆ. 2025ರಿಂದ, ಬೇರೆ ಯಾವ ಕಾರಣಕ್ಕೂ ಸೆಲ್ಫ್ ಅಸೆಸ್‌ಮೆಂಟ್ (ನಮ್ಮ ಆದಾಯವನ್ನು ನಾವೇ ರಿಟರ್ನ್‌ನಲ್ಲಿ ತೋರಿಸುವುದು) ಮಾಡಬೇಕಿಲ್ಲದ ಸಂಬಳದಾರರು ಆನ್‌ಲೈನ್‌ನಲ್ಲಿ ತಿಳಿಸಿ, ಟ್ಯಾಕ್ಸ್ ಕೋಡ್ (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ಹೇಳುವ ಕೋಡ್) ಮೂಲಕ ಸಂಬಳದಲ್ಲೇ ಸ್ವಲ್ಪ ಸ್ವಲ್ಪ ಕಟ್ಟಬಹುದು. ಸಾಧ್ಯವಿದ್ದರೆ ಇದೇ ಸುಲಭ.

ಊರಿನ ಬಾಡಿಗೆ, ಬಡ್ಡಿ ತೋರಿಸಬೇಕಾದವರಿಗೆ ಸಾಮಾನ್ಯವಾಗಿ ಸೆಲ್ಫ್ ಅಸೆಸ್‌ಮೆಂಟೇ ದಾರಿ. ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ ಹೆಸರು ನೋಂದಾಯಿಸಬೇಕು. ಆನ್‌ಲೈನ್ ರಿಟರ್ನ್ ಸಲ್ಲಿಸಿ ಹಣ ಕಟ್ಟಲು ಜನವರಿ 31 ಕೊನೆ ದಿನ. 2025-26ಕ್ಕಾದರೆ 2026ರ ಅಕ್ಟೋಬರ್ 5, 2027ರ ಜನವರಿ 31. ನೋಂದಾಯಿಸಿದ ಮೇಲೆ ಹತ್ತು ಅಂಕಿಯ ಯುಟಿಆರ್ (ನಿಮ್ಮ ತೆರಿಗೆ ಗುರುತಿನ) ನಂಬರ್ ಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಜನವರಿ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಒದ್ದಾಟ. ಒಂದು ದಿನ ತಡವಾದರೂ 100 ಪೌಂಡ್ ದಂಡ.

ಡಿಸೆಂಬರ್ 30ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಬಾಕಿ 3,000 ಪೌಂಡಿಗಿಂತ ಕಡಿಮೆ ಇದ್ದರೆ, ಅದನ್ನೂ ಮುಂದಿನ ವರ್ಷದ ಸಂಬಳದಿಂದ ಹಿಡಿಯಲು ಕೇಳಬಹುದು. ಇದನ್ನು ಕೇಳಿಕೊಳ್ಳಿ. ಇಲ್ಲದಿದ್ದರೆ ಬಾಕಿ 1,000 ದಾಟಿದಾಗ ಮುಂದಿನ ವರ್ಷದ ಮುಂಗಡವನ್ನೂ ಸೇರಿಸಿ ಬಿಲ್ ಬರಬಹುದು. ಆ ಮೊತ್ತ ನೋಡಿ ಎದೆ ಧಸಕ್ಕೆನ್ನುತ್ತದೆ. ಒಟ್ಟಿಗೆ ಕಟ್ಟಲಾಗದಿದ್ದರೆ ಕಂತು ಕೇಳಬಹುದು, ಆನ್‌ಲೈನ್‌ನಲ್ಲೇ ಆಗುತ್ತದೆ. ಬಡ್ಡಿ ಬೀಳುತ್ತದೆ, ಆದರೂ ಸುಮ್ಮನಿರುವುದಕ್ಕಿಂತ ಅದು ಎಷ್ಟೋ ವಾಸಿ.

ಹಳೆಯ ವರ್ಷಗಳು ಬಾಕಿ ಇದ್ದರೆ

ನಾವು ರಾತ್ರಿ ನಿದ್ದೆಗೆಟ್ಟದ್ದು ಇದಕ್ಕೇ. ಒಂದು ವರ್ಷದ್ದಲ್ಲ, ಹಿಂದಿನದೂ ಇರಬಹುದಲ್ಲಾ ಅಂತ.

ನೀವೇ ಮುಂದಾಗಿ ಹೇಳುವುದು ಬಹಳ ಮುಖ್ಯ. ಬೇಕೆಂದೇ ಮುಚ್ಚಿಟ್ಟದ್ದಲ್ಲದಿದ್ದರೆ ತಿಳಿಸದ್ದಕ್ಕೆ ದಂಡ ಬಾಕಿಯ 30%ವರೆಗೆ ಇರಬಹುದು. ಆದರೆ ಇಲಾಖೆ ಕೇಳುವ ಮೊದಲೇ, ತೆರಿಗೆ ಕಟ್ಟಬೇಕಿದ್ದ ದಿನದಿಂದ 12 ತಿಂಗಳೊಳಗೆ ನೀವೇ ಹೇಳಿದರೆ ಅದು ಸೊನ್ನೆಗೂ ಇಳಿಯಬಹುದು. ಪತ್ರ ಬಂದ ಮೇಲೆ ಹೇಳಿದರೆ ಆ ಅವಕಾಶ ಕಡಿಮೆ. ಹೇಳುವಾಗ ಪೂರ್ತಿ ಹೇಳಿ. ಕಾಗದಗಳನ್ನು ಜೊತೆಗಿಟ್ಟುಕೊಂಡು ಮಾತಾಡಿ. ಎಷ್ಟು ಸಹಕಾರ ಕೊಟ್ಟಿರಿ ಅನ್ನೋದರ ಮೇಲೂ ದಂಡ ಇಳಿಯುತ್ತದೆ.

ತಿಳಿಸದೇ ಇದ್ದದ್ದಕ್ಕೆ ನ್ಯಾಯವಾದ ಕಾರಣ ಇದ್ದರೆ ದಂಡವೇ ಬೀಳುವುದಿಲ್ಲ. ಆಗ ಹಿಂದಕ್ಕೆ ಹೋಗುವುದೂ ನಾಲ್ಕು ವರ್ಷ ಮಾತ್ರ. ಕಾರಣ ಇಲ್ಲದಿದ್ದರೆ 20 ವರ್ಷದವರೆಗೆ ಹೋಗಬಹುದು. 2013ಕ್ಕಿಂತ ಮೊದಲೇ ಬೆನಿಫಿಟ್ ಪಡೆಯುತ್ತಿದ್ದು, ಆಮೇಲೆ ಆದಾಯ ಏರಿದವರ ದಂಡಗಳನ್ನು 2018ರಲ್ಲಿ ಇಲಾಖೆಯೇ ಮರುಪರಿಶೀಲಿಸಿ ಹಲವರಿಗೆ ವಾಪಸ್ ಕೊಟ್ಟಿತ್ತು. ಹಾಗಾಗಿ ಕಾರಣ ಹೇಳಲು ಸಂಕೋಚ ಬೇಡ. ಯಾವಾಗ ಅರ್ಜಿ ಹಾಕಿದಿರಿ, ಆಗ ಆದಾಯ ಎಷ್ಟಿತ್ತು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಎಷ್ಟು ಬೇಗ ತಿಳಿಸಿದಿರಿ ಅಂತ ತಾರೀಖಿನ ಸಮೇತ ಬರೆಯಿರಿ. ದಂಡದ ವಿರುದ್ಧ ಮೇಲ್ಮನವಿಗೆ 30 ದಿನ ಅವಕಾಶ.

ರಿಟರ್ನ್ ಸಲ್ಲಿಸದವರಿಂದ ಈ ಚಾರ್ಜಿನ ಹಳೆಯ ಬಾಕಿ ಕೇಳುವ ಅಧಿಕಾರವೇ ಇಲಾಖೆಗೆ ಇಲ್ಲ, ಕೋರ್ಟ್ ಹೇಳಿದೆ ಅಂತ ಯಾರಾದರೂ ಹೇಳಬಹುದು. ಕೋರ್ಟಿನಲ್ಲಿ ಒಬ್ಬರು ಹಾಗೆ ಗೆದ್ದದ್ದು ನಿಜ. ಆದರೆ 2022ರಲ್ಲಿ ಸರ್ಕಾರ ಕಾನೂನನ್ನೇ ತಿದ್ದಿತು, ಹಿಂದಿನ ವರ್ಷಗಳಿಗೂ ಅನ್ವಯಿಸುವ ಹಾಗೆ. ಅದನ್ನು ನಂಬಿಕೊಂಡು ಕೂರಬೇಡಿ. ಹಳೆಯ ವರ್ಷಗಳಲ್ಲಿ ಊರಿನ ಆದಾಯವನ್ನೂ ತೋರಿಸಿಲ್ಲ ಅಂತಾದರೆ ನೀವೇ ಮಾಡಲು ಹೋಗಬೇಡಿ, ಎರಡೂ ದೇಶದ ತೆರಿಗೆ ಗೊತ್ತಿರುವ ಅಕೌಂಟೆಂಟ್ ಹಿಡಿಯಿರಿ. ಆ ಫೀಸು ವ್ಯರ್ಥ ಅಲ್ಲ.

ಮುಂದಿನ ವರ್ಷ ಕಡಿಮೆ ಮಾಡಿಕೊಳ್ಳುವುದು ಹೇಗೆ

ಪೆನ್ಷನ್ ಬಹಳ ದೊಡ್ಡ ಸಹಾಯ. ಮೇಲಿನ ಉದಾಹರಣೆಯನ್ನೇ ತಗೊಳ್ಳಿ. ಅವರು ಏಪ್ರಿಲ್ 5ರೊಳಗೆ ಸ್ವಂತ ಪೆನ್ಷನ್‌ಗೆ 3,840 ಪೌಂಡ್ ಕಟ್ಟಿದರು ಅಂದುಕೊಳ್ಳಿ. ಅದಕ್ಕೆ 960 ಸೇರಿ ಪೆನ್ಷನ್‌ನಲ್ಲಿ 4,800 ಆಗುತ್ತದೆ. ಆದಾಯ ಸರಿಯಾಗಿ 60,000ಕ್ಕೆ ಇಳಿಯುತ್ತದೆ, 540 ಪೌಂಡ್ ಚಾರ್ಜ್ ಇಲ್ಲ. 40% ತೆರಿಗೆ ಕಟ್ಟುವವರಾದ್ದರಿಂದ ಇನ್ನೊಂದು 960 ವಾಪಸ್ ಬರುತ್ತದೆ, ಅದನ್ನು ಕೇಳಿ ಪಡೆಯಬೇಕು. ಒಟ್ಟಿನಲ್ಲಿ ಜೇಬಿನಿಂದ ಹೋದದ್ದು 2,340, ಪೆನ್ಷನ್‌ನಲ್ಲಿರುವುದು 4,800. ಇದು ಇಂಗ್ಲೆಂಡಿನ ಲೆಕ್ಕ, ಸ್ಕಾಟ್ಲೆಂಡಿನ ತೆರಿಗೆ ದರ ಬೇರೆ. ಆ ಹಣ ಈಗ ಕೈಗೆ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ತೆಗೆಯುವ ವಯಸ್ಸು 2028ರ ಏಪ್ರಿಲ್‌ನಿಂದ 57 ಆಗುತ್ತದೆ. ಮನೆ ಸಾಲ, ಊರಿನ ಅಪ್ಪ ಅಮ್ಮನ ಖರ್ಚು ಎಲ್ಲ ನೋಡಿಕೊಂಡು ನಿರ್ಧರಿಸಿ.

ಫೆಬ್ರವರಿ ಪೇಸ್ಲಿಪ್ ಬಂದಾಗ ಕೂತು ಲೆಕ್ಕ ಹಾಕುವುದು ಒಳ್ಳೆಯದು. ವರ್ಷದ ಆದಾಯ ಹತ್ತಿರ ಹತ್ತಿರ ಗೊತ್ತಾಗಿರುತ್ತದೆ, ಕಟ್ಟಲು ಸಮಯವೂ ಇರುತ್ತದೆ. ಏಪ್ರಿಲ್ 5 ದಾಟಿದರೆ ಪೆನ್ಷನ್ ಹಿಂದಿನ ವರ್ಷಕ್ಕೆ ಲೆಕ್ಕಕ್ಕಿಲ್ಲ. ಗಿಫ್ಟ್ ಏಡ್ ದಾನವನ್ನು ಮಾತ್ರ, ರಿಟರ್ನ್ ಸಲ್ಲಿಸುವ ಮೊದಲು ಕೊಟ್ಟಿದ್ದರೆ, ಹಿಂದಿನ ವರ್ಷಕ್ಕೆ ಸೇರಿಸಲು ಕೇಳಬಹುದು. ಇಲ್ಲಿ ಚಾರಿಟಿ ಅಂತ ಮಾನ್ಯತೆ ಪಡೆದ ದೇವಸ್ಥಾನಕ್ಕೋ ಕನ್ನಡ ಸಂಘಕ್ಕೋ ಕೊಡುವಾಗ ಗಿಫ್ಟ್ ಏಡ್ ಫಾರಂ ತುಂಬಿ, ರಸೀದಿ ಇಟ್ಟುಕೊಳ್ಳಿ. ಊರಿನ ದೇವಸ್ಥಾನದ ಹುಂಡಿಗೆ ಹಾಕಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಬಿಡಬೇಡಿ, ಹಣ ಬೇಡ ಅನ್ನಿ

ಆದಾಯ 80,000 ದಾಟಿದರೆ 'ಯಾಕೆ ಬೇಕು ಈ ತಲೆನೋವು' ಅಂತ ಅರ್ಜಿಯನ್ನೇ ಹಾಕದವರಿದ್ದಾರೆ. ಇದು ನನಗೆ ಬಹಳ ಬೇಸರ ತರುವ ವಿಷಯ, ಯಾಕೆಂದರೆ ಕಳೆದುಕೊಳ್ಳುವವಳು ಮನೆಯಲ್ಲಿರುವ ತಾಯಿ.

ಮಗುವಿಗೆ 12 ತುಂಬುವವರೆಗೆ ಚೈಲ್ಡ್ ಬೆನಿಫಿಟ್ ಅರ್ಜಿದಾರರಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ದುಡಿಯದಿದ್ದರೂ ಆ ವರ್ಷ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿನ ಸರ್ಕಾರಿ ಪಿಂಚಣಿ ಪೂರ್ತಿ ಸಿಗಲು ಸಾಮಾನ್ಯವಾಗಿ ಹೀಗೆ ಲೆಕ್ಕಕ್ಕೆ ಸೇರಿದ 35 ವರ್ಷ ಬೇಕು, ಏನಾದರೂ ಸಿಗಲು ಕಡಿಮೆಯೆಂದರೂ 10 ವರ್ಷ. ಮಕ್ಕಳಿಗಾಗಿ ಕೆಲಸ ಬಿಟ್ಟ ಹೆಂಗಸಿಗೆ ಈ ಕ್ರೆಡಿಟ್ಟೇ ಆ ವರ್ಷಗಳನ್ನು ತುಂಬುವುದು. ಮುಂದೆ ಊರಿಗೆ ವಾಪಸ್ ಹೋದರೂ ಪಿಂಚಣಿ ಅಲ್ಲಿಗೇ ಬರುತ್ತದೆ, ಭಾರತದಲ್ಲಿ ಇರುವವರಿಗೆ ವರ್ಷ ವರ್ಷ ಏರುವುದಿಲ್ಲ ಅಷ್ಟೇ. ಮಗುವಿಗೂ 16 ಆಗುವ ಮುಂಚೆ ಇನ್ಶೂರೆನ್ಸ್ ನಂಬರ್ ತಾನಾಗಿಯೇ ಬರುತ್ತದೆ.

ಹಾಗಾಗಿ ಅರ್ಜಿ ಹಾಕಿ, ಹಣ ಬೇಡ ಅಂತ ಆಯ್ಕೆ ಮಾಡಿ. ಈಗಾಗಲೇ ಪಡೆಯುತ್ತಿದ್ದರೆ ಆನ್‌ಲೈನ್‌ನಲ್ಲಿ ಹಣ ಮಾತ್ರ ನಿಲ್ಲಿಸಬಹುದು, ಅರ್ಜಿ ಜೀವಂತ ಇರುತ್ತದೆ. ಸಂಬಳ ಇಲ್ಲದವರ ಹೆಸರಿನಲ್ಲಿ ಅರ್ಜಿ ಇರಲಿ. ಗಂಡನ ಹೆಸರಿನಲ್ಲಿದ್ದು ಕ್ರೆಡಿಟ್ ಅವರಿಗೆ ಹೋಗುತ್ತಿದ್ದರೆ ಸಿಎಫ್411ಎ ಅನ್ನೋ ಫಾರಂ ತುಂಬಿ ನಿಮ್ಮ ಹೆಸರಿಗೆ ವರ್ಗಾಯಿಸಲು ಕೇಳಬಹುದು. ಹೊಸ ಅರ್ಜಿ ಹಿಂದಿನ ಮೂರು ತಿಂಗಳಿಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ಮಗು ಹುಟ್ಟಿದ ಮೇಲೆ ತಡ ಮಾಡಬೇಡಿ.

ಆದಾಯ 60,000 ಮತ್ತು 80,000ದ ನಡುವೆ ಇದ್ದರೆ ನನ್ನ ಸಲಹೆ ಬೇರೆ. ಹಣ ಪಡೆಯಿರಿ, ಅಂದಾಜು ಚಾರ್ಜ್ ಎಷ್ಟೋ ಅಷ್ಟನ್ನು ಬೇರೆ ಖಾತೆಯಲ್ಲಿಡಿ. ನಾವೀಗ ಹಾಗೇ ಮಾಡುತ್ತೇವೆ. ನಾಲ್ಕು ವಾರಕ್ಕೊಮ್ಮೆ ಹಣ ಬಂದ ದಿನವೇ ಮೂರನೇ ಒಂದು ಭಾಗ ಅಲ್ಲಿಗೆ ಹೋಗುತ್ತದೆ.

ಒಮ್ಮೆ ನಿಲ್ಲಿಸಿದ ಹಣವನ್ನು ಮತ್ತೆ ಶುರು ಮಾಡಲೂ ಬಹುದು. ಕೆಲಸ ಹೋದರೆ, ಹೆರಿಗೆ ರಜೆ ಬಂದರೆ, ವಾರಕ್ಕೆ ಮೂರು ದಿನದ ಕೆಲಸಕ್ಕೆ ಇಳಿದರೆ, ಆ ವರ್ಷದ ಆದಾಯ ಮತ್ತೆ ಕೂಡಿಸಿ ನೋಡಿ. 80,000ಕ್ಕಿಂತ ಕಡಿಮೆ ಆಗುವ ಹಾಗಿದ್ದರೆ ಆ್ಯಪ್ ತೆರೆದು ಅದೇ ವಾರ ಹಣ ಶುರು ಮಾಡಿಸಿ.